ಪದಚರ್ಚೆ: ‘ಫಿಕ್ಸ್ ಬಂತು’ ಅಂದರೆ ಕನ್ನಡದಲ್ಲಿ ಏನು ಬಂತು?

ಬಳಗದವರಿಗೆ ನಮಸ್ಕಾರ.

ರಸ್ತೆ ಸರ್ವೆಗೆ ಹೋಗುವ ಹುಡುಗರಿಗಾಗಿ ಶಿವಮೊಗ್ಗದಲ್ಲಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉಪಗ್ರಹದ ಸಿಗ್ನಲ್ ಹಿಡಿದು ಒಂದೆರಡು ಸೆಂಟಿಮೀಟರಿನಷ್ಟು ಸೂಕ್ಷ್ಮವಾಗಿ ಜಾಗ ಗುರುತಿಸುವ ಆರ್‌ಟಿಕೆ ಯಂತ್ರದ ಬಗ್ಗೆ. ಮೂರನೇ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ಅಕ್ಯುರಸಿಗೂ ನಿಖರತೆ, ಪ್ರಿಸಿಷನ್‌ಗೂ ನಿಖರತೆ ಎಂದು ಬರೆದುಕೊಂಡು ಹೋಗಿದ್ದೆ. ಕೊನೆಗೆ ‘ನಿಖರತೆ ಇದ್ದ ಮಾತ್ರಕ್ಕೆ ನಿಖರತೆ ಇದೆ ಎಂದಲ್ಲ’ ಅನ್ನುವ ವಾಕ್ಯ ಹುಟ್ಟಿತು. ಓದಿದ ಹುಡುಗ, "ಸರ್, ಇದು ವೇದಾಂತವಾ?" ಎಂದ.

ಅವನಿಗೆ ತಳ ಜಜ್ಜಿದ ಸೇರಿನ ಲೆಕ್ಕ ಹೇಳಿದೆ. ಅಂಥ ಸೇರಿನಲ್ಲಿ ಹತ್ತು ಸಲ ಅಕ್ಕಿ ಅಳೆದರೆ ಹತ್ತೂ ಸಲ ಒಂದೇ ಅಳತೆ, ಅದು ಪ್ರಿಸಿಷನ್. ಆದರೆ ಹತ್ತೂ ಸಲ ಕಡಿಮೆ, ಅಂದರೆ ಅಕ್ಯುರಸಿ ಇಲ್ಲ. ಆರ್‌ಟಿಕೆಯಲ್ಲೂ ಇದೇ ಕಥೆ. ಒಂದು ಯಂತ್ರವನ್ನು ಗೊತ್ತಿರುವ ಜಾಗದಲ್ಲಿ ನಿಲ್ಲಿಸುತ್ತಾರೆ, ಅದು ಬೇಸ್. ಇನ್ನೊಂದನ್ನು ಕೋಲಿಗೆ ಸಿಕ್ಕಿಸಿ ತಿರುಗುತ್ತಾರೆ, ಅದು ರೋವರ್. ಬೇಸ್ ಇಟ್ಟ ಜಾಗದ ಲೆಕ್ಕವೇ ಒಂದು ಮೀಟರ್ ತಪ್ಪಿದ್ದರೆ, ರೋವರ್ ಅಳೆದ ಗುರುತುಗಳೆಲ್ಲ ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ರಸ್ತೆ ಮಾತ್ರ ಒಂದು ಮೀಟರ್ ಆಚೆ ಯಾರದೋ ತೋಟದಲ್ಲಿರುತ್ತದೆ.

ಸದ್ಯಕ್ಕೆ ಅಕ್ಯುರಸಿಗೆ ‘ನಿಖರ’ ಉಳಿಸಿಕೊಂಡು, ಪ್ರಿಸಿಷನ್‌ಗೆ ‘ಬಿಗಿ’ ಅಂದುಕೊಂಡಿದ್ದೇನೆ. ‘ಅಳತೆ ಬಿಗಿಯಾಗಿದೆ, ಆದರೆ ನಿಖರವಲ್ಲ.’ ನನ್ನ ಕಿವಿಗೆ ಒಪ್ಪುತ್ತದೆ. ಆದರೆ ಬಿಗಿ ಕೈ ಅಂದರೆ ಜಿಪುಣತನ ಅಲ್ವಾ? ಅದೊಂದು ಅನುಮಾನ.

ಇಷ್ಟು ಪೀಠಿಕೆ. ನನ್ನ ನಿಜವಾದ ಪ್ರಶ್ನೆ ‘ಫಿಕ್ಸ್’ ಮತ್ತು ‘ಫ್ಲೋಟ್’ ಬಗ್ಗೆ.

ಈ ಎರಡು ಪದಗಳು ಯಂತ್ರದ ಪರದೆಯ ಮೇಲೆ ದಿನವಿಡೀ ಕಾಣುತ್ತವೆ. ಜಿಪಿಎಸ್‌ನ ಮುಖ್ಯ ಸಿಗ್ನಲಿನ ಒಂದು ಅಲೆ ಸುಮಾರು 19 ಸೆಂಟಿಮೀಟರ್ ಉದ್ದ, ಒಂದು ಗೇಣಿಗಿಂತ ಚೂರು ಕಡಿಮೆ. ಅಲೆಯ ಎಷ್ಟು ಪಾಲು ಬಂದು ತಲುಪಿದೆ ಎಂದು ಯಂತ್ರ ಸುಲಭವಾಗಿ ಹೇಳುತ್ತದೆ. ಆದರೆ ಉಪಗ್ರಹ ಇರುವುದು 20,000 ಕಿಲೋಮೀಟರ್ ಮೇಲೆ. ನಡುವೆ 10 ಕೋಟಿಗೂ ಜಾಸ್ತಿ ಅಲೆಗಳು. ಅಷ್ಟರಲ್ಲಿ ಇಡೀ ಅಲೆ ಎಷ್ಟು ಅನ್ನುವುದನ್ನು ಬೇಸ್ ಜೊತೆ ತಾಳೆ ಹಾಕಿಯೇ ತಿಳಿಯಬೇಕು. ಲೆಕ್ಕ ಪೂರ್ಣ ಸಂಖ್ಯೆಗೆ ಬಂದು ನಿಂತರೆ ಫಿಕ್ಸ್. ಇನ್ನೂ ಮುಕ್ಕಾಲು, ಕಾಲು ಎಂದು ಓಲಾಡುತ್ತಿದ್ದರೆ ಫ್ಲೋಟ್.

ಬಯಲಿನಲ್ಲಿ ಫಿಕ್ಸ್ ಬೇಗ ಬರುತ್ತದೆ. ನಮ್ಮ ಕಡೆ ಹಾಗಲ್ಲ. ಹುಲಿಕಲ್ ಘಾಟಿಯಲ್ಲಿ ಒಂದು ದಿನ ಸರ್ವೆ ಹುಡುಗರ ಜೊತೆ ಹೋಗಿದ್ದೆ. ಒಂದು ಕಡೆ ಗುಡ್ಡ, ಅರ್ಧ ಆಕಾಶವೇ ಇಲ್ಲ. ಉಳಿದರ್ಧಕ್ಕೆ ಮರದ ಚಪ್ಪರ. ಎಲೆಗಳ ನಡುವೆ ಸಿಗ್ನಲ್ ಒಮ್ಮೆ ಕಡಿದರೆ ಎಣಿಕೆ ಮತ್ತೆ ಮೊದಲಿಂದ. ಹುಡುಗ ಕೋಲು ಹಿಡಿದು, ಅಲುಗಾಡದೆ, ಕಾಲಿಗೆ ಹತ್ತಿದ ಇಂಬಳವನ್ನೂ ಕೀಳದೆ ನಿಂತಿದ್ದ. ನಾನು ಏನಾಯ್ತು ಎಂದೆ. "ಇನ್ನೂ ತೇಲ್ತಾ ಇದೆ ಸರ್, ಕೂತಿಲ್ಲ." ಸ್ವಲ್ಪ ಹೊತ್ತಿಗೆ, "ಹಾಂ, ಕೂತ್ತು!"

ಇಂಗ್ಲಿಷಿನ ‘ಫಿಕ್ಸ್ಡ್ ಸಲ್ಯೂಷನ್’, ‘ಫ್ಲೋಟ್ ಸಲ್ಯೂಷನ್’ ನೋಡಿ ನಾನು ಅಲ್ಲಿವರೆಗೆ ‘ಸ್ಥಿರ ಪರಿಹಾರ’, ‘ಅಸ್ಥಿರ ಪರಿಹಾರ’ ಎಂದು ಬರೆದಿದ್ದೆ. ನಮ್ಮಲ್ಲಿ ಪರಿಹಾರ ಅಂದರೆ ಅಡಿಕೆಗೆ ಕೊಳೆ ಬಂದಾಗ ಕೇಳುವುದು! ಮನೆಗೆ ಬಂದು ಹೊಡೆದುಹಾಕಿದೆ.

‘ಖಚಿತ’ ಆಗುತ್ತದಾ ಎಂದೂ ಯೋಚಿಸಿದೆ. ರತ್ನಖಚಿತ ಅನ್ನುವಾಗ ಅದರ ಮೂಲ ಅರ್ಥವೇ ಹರಳು ಕೂರಿಸಿದ್ದು, ಕೆತ್ತಿ ಸೇರಿಸಿದ್ದು. ಫಿಕ್ಸ್‌ಗೆ ಇದಕ್ಕಿಂತ ಹತ್ತಿರದ್ದು ಸಿಗುವುದಿಲ್ಲ. ಆದರೆ ಈಗ ಖಚಿತ ಅಂದರೆ ‘ಗ್ಯಾರಂಟಿ’. ಫಿಕ್ಸ್ ಬಂದರೂ ಲೆಕ್ಕ ತಪ್ಪಿರಬಹುದು. ಪರದೆ ‘ಖಚಿತ’ ಅಂದರೆ ಹುಡುಗರು ಎರಡನೇ ಸಲ ಅಳೆಯುವುದೇ ಇಲ್ಲ.

ಹಾಗಾಗಿ ‘ಕೂತಿದೆ’, ‘ತೇಲುತ್ತಿದೆ’ ಎಂದೇ ಹಾಕುವ ಮನಸ್ಸಾಗಿದೆ. ಬಡಗಿ ಕೀಲು ಕೂತಿತು ಅನ್ನುತ್ತಾನೆ, ಗಾರೆಯವನು ಕಲ್ಲು ಕೂತಿದೆ ಅನ್ನುತ್ತಾನೆ. ಮುಂದೆ ಇಂಥ ಯಂತ್ರ ಬಸ್ಸು, ಲಾರಿಗೂ ಬಂದು, ಗಾಡಿ ರಸ್ತೆಯ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಹೇಳುವಾಗ ಡ್ರೈವರಿಗೂ ಇದೇ ಪದ ಬೇಕಾಗುತ್ತದೆ. ಬಯಲಿನಲ್ಲೇ ಸುಮಾರು ಐದು ಮೀಟರ್ ಹೆಚ್ಚುಕಡಿಮೆ ತೋರಿಸುವ ಫೋನಿನ ಜಿಪಿಎಸ್, ಆಗುಂಬೆ ಘಾಟಿಯ ತಿರುವಿನಲ್ಲಿ ಮೇಲಿನ ರಸ್ತೆಯ ಕಾರನ್ನು ಸುಮ್ನೆ ಕೆಳಗಿನ ರಸ್ತೆಗೆ ಇಳಿಸಿಬಿಡುತ್ತದೆ. ಬಂಡೆಗೆ ಬಡಿದು ಸುತ್ತಿ ಬರುವ ಸಿಗ್ನಲ್ ಅದಕ್ಕೊಂದು ಕಾರಣ. ಅದಕ್ಕೆ ‘ಮಾರ್ದನಿ’ ಎಂದು ಬರೆದಿದ್ದೇನೆ. ಯಾರೂ ತಕರಾರು ಮಾಡಲಿಲ್ಲ.

ಇನ್ನೊಂದು ಚಿಕ್ಕ ವಿಷಯ. ನಮ್ಮ ದೇಶದ ಉಪಗ್ರಹ ವ್ಯವಸ್ಥೆಗೆ 2016ರಲ್ಲಿ ಇಟ್ಟ ಹೆಸರನ್ನು ‘ನಾವಿಕ್’ ಎಂದು ಬರೆಯಬೇಕೋ ‘ನಾವಿಕ’ ಎಂದೋ? ವಿಮಾನಗಳಿಗೆ ನೆರವಾಗುವ ‘ಗಗನ್’ಗೂ ಇದೇ ಗೊಂದಲ. ಎರಡೂ ಇಂಗ್ಲಿಷ್ ಮೊದಲಕ್ಷರಗಳಿಂದ ಕಟ್ಟಿದವು. ಅಂತ್ಯದ ಅರ್ಧಾಕ್ಷರವನ್ನು ಪೂರ್ತಿ ಮಾಡಿದರೆ ಕನ್ನಡದಲ್ಲಿ ಬಳಕೆಯಲ್ಲಿರುವ ಪದಗಳೇ ಆಗುತ್ತವೆ, ಆದರೆ ವಾಕ್ಯದ ನಡುವೆ ‘ನಾವಿಕ ಸಿಕ್ಕಿಲ್ಲ’ ಎಂದು ಬಂದರೆ ಸಿಗಂದೂರಿಗೆ ಹಿನ್ನೀರು ದಾಟಿಸುತ್ತಿದ್ದ ಲಾಂಚ್ ಕಾಯುತ್ತಿದ್ದ ದಿನ ನೆನಪಾಗುತ್ತದೆ. ಅಲ್ಲಿ ಲಾಂಚ್ ನಡೆಸುವವನನ್ನೂ ಯಾರೂ ನಾವಿಕ ಅನ್ನುತ್ತಿರಲಿಲ್ಲ, ಡ್ರೈವರ್ ಅಂತಲೇ ಕೂಗುತ್ತಿದ್ದರು. ನಾನು ‘ನಾವಿಕ್’ ಪರ.

ಕೇಳಬೇಕಾಗಿದ್ದು ಇಷ್ಟು: ‘ಕೂತಿದೆ’ ವಾಕ್ಯದಲ್ಲಿ ಚೆನ್ನಾಗಿದೆ, ಆದರೆ ನಾಮಪದ ಬೇಕಾದಾಗ ಏನು ಮಾಡಲಿ? ‘ಕೂತ ಗುರುತು’, ‘ತೇಲುಗುರುತು’ ಎಂದು ಬರೆದು ನೋಡಿದೆ. ಎರಡನೆಯದು ನಡೆದೀತು, ಮೊದಲನೆಯದು ಕುಂಟುತ್ತದೆ. ಉತ್ತರ ಕರ್ನಾಟಕದವರು, ಕರಾವಳಿಯವರು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ಕೈಪಿಡಿ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.