ಹಳೇ ಬಾವಿಯ ಹೂಳಿನಲ್ಲಿ ಸಿಕ್ಕ ಕಬ್ಬಿಣದ ಸಾಮಾನು: ತುಕ್ಕು ಬಿಡಿಸಿ ಉಳಿಸಿಕೊಳ್ಳೋದು ಹೇಗೆ?

ಕುಷ್ಟಗಿ_ಎರೆಹೊಲ
ಕುಷ್ಟಗಿ ಹತ್ತಿರ ಹಳೇ ಕಪಿಲಿ ಬಾವಿಯ (ಎತ್ತು ಕಟ್ಟಿ ನೀರೆತ್ತೋ ಬಾವಿ) ಹೂಳು ತೆಗೆಸ್ತಿದ್ದೀವಿ. ಕೆಸರಲ್ಲಿ ಒಂದು ಪಾತಾಳಗರಡಿ (ಬಾವಿಗೆ ಬಿದ್ದ ಕೊಡ ಎತ್ತೋ ಕೊಕ್ಕೆಗಳ ಗೊಂಚಲು), ಕುಂಟೆಯ ಎರಡು ಕುಡ (ಅಲಗು), ತುಂಡು ಸರಪಳಿ, ಒಂದು ಎರಕದ ರಾಟೆ ಸಿಕ್ಕಿವೆ. ಪಾತಾಳಗರಡಿಯ ಕೊಕ್ಕೆಗಳ ಮೇಲೆ ಬೆರಳು ದಪ್ಪ ತುಕ್ಕು ಗಂಟುಗಟ್ಟಿದೆ, ಅದರೊಳಗೆ ಗರಸು ಕೂಡ ಅಂಟಿಕೊಂಡಿದೆ. ಸದ್ಯ ಎಲ್ಲವನ್ನೂ ಬಾವಿ ನೀರು ತುಂಬಿದ ಬಕೆಟ್‌ನಲ್ಲೇ ಇಟ್ಟಿದ್ದೀವಿ. ಒಬ್ಬರು ಆಸಿಡ್ ಹಾಕಿ ಅಂತಾರೆ, ಇನ್ನೊಬ್ಬರು ಒಣಗಿಸಿ ರೆಡ್ ಆಕ್ಸೈಡ್ ಬಳಿದುಬಿಡಿ ಅಂತಾರೆ. ಊರ ಶಾಲೆಯಲ್ಲಿ ಇಡೋ ಆಸೆ. ಯಾವುದು ಸರಿ? ಇನ್ನೂ ಹೂಳು ಬಾಕಿ ಇದೆ, ಅದರಲ್ಲಿ ಇರೋದನ್ನ ಹುಡುಕೋದು ಹೇಗೆ?

ಸಂಡೂರು_ಕುಲುಮೆ
ನೀರಲ್ಲೇ ಇಟ್ಟಿದ್ದು ಒಳ್ಳೇದಾಯ್ತು. ಎರಡೂ ಸಲಹೆ ಬಿಟ್ಟುಬಿಡಿ. ಟೈಲ್ಸ್ ತೊಳೆಯೋ ಆಸಿಡ್ ಅಂದ್ರೆ ಹೈಡ್ರೋಕ್ಲೋರಿಕ್; ಅದರ ಕ್ಲೋರೈಡ್ ತುಕ್ಕಿನ ಸಂದುಗಳಿಗೆ ಇಳಿದು ಕೂರುತ್ತೆ. ಕಬ್ಬಿಣಕ್ಕೆ ನಿಜವಾದ ಶತ್ರು ಹೊರಗಿನ ಕೆಂಪು ತುಕ್ಕಲ್ಲ, ಒಳಗೆ ಸೇರಿರೋ ಈ ಉಪ್ಪು. ಒದ್ದೆ ಸಾಮಾನು ಒಣಗಿದ ಕೂಡಲೇ ಆ ಉಪ್ಪು ಗಾಢವಾಗಿ ಗಾಳಿ ಜೊತೆ ಸೇರಿ ಹೊಸ ತುಕ್ಕು ಹುಟ್ಟಿಸುತ್ತೆ. ಆ ತುಕ್ಕು ಒಳಗಿಂದ ಉಬ್ಬಿ ಮೇಲಿನ ಪದರವನ್ನ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತೆ. ಮೇಲೆ ಬಣ್ಣ ಬಳಿದಿದ್ರೆ ಬಣ್ಣದ ಸಮೇತ ಏಳುತ್ತೆ.

ಇವತ್ತೇ ಬಾವಿ ನೀರು ಚೆಲ್ಲಿ. ಪ್ಲಾಸ್ಟಿಕ್ ಡಬ್ಬಿಗೆ 10 ಲೀಟರ್ ಡಿಸ್ಟಿಲ್ಡ್ ನೀರು (ಬ್ಯಾಟರಿಗೆ ಹಾಕೋದು) ಹಾಕಿ, 150 ಗ್ರಾಂ ಬಟ್ಟೆ ಸೋಡಾ (ವಾಷಿಂಗ್ ಸೋಡಾ) ಕರಗಿಸಿ ಮುಳುಗಿಸಿಡಿ. ಅಡುಗೆ ಸೋಡಾ ಅಲ್ಲ.

ಆಮೇಲೆ ಒಳಗೆ ಎಷ್ಟು ಲೋಹ ಉಳಿದಿದೆ ನೋಡಿ. ಅಯಸ್ಕಾಂತ ಒಂದನ್ನೇ ನಂಬಬೇಡಿ, ಕಪ್ಪು ತುಕ್ಕಿಗೂ ಅದು ಅಂಟುತ್ತೆ. ಸಾಮಾನನ್ನ ತೂಗಿ, ದಾರ ಕಟ್ಟಿ ನೀರಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಿ. ಮೊದಲ ತೂಕವನ್ನ ಎರಡರ ವ್ಯತ್ಯಾಸದಿಂದ ಭಾಗಿಸಿ. ಒಳ್ಳೆ ಕಬ್ಬಿಣ 7.8ರ ಹತ್ತಿರ ಬರುತ್ತೆ. 5ರ ಒಳಗೆ ಬಂದ್ರೆ ಬಹುಪಾಲು ತುಕ್ಕೇ ಅಂತ ತಿಳೀರಿ. ಅಂಥದ್ದಕ್ಕೆ ಮುಂದೆ ಹೇಳೋ ಕರೆಂಟ್ ವಿಧಾನ ಬೇಡ, ತುಕ್ಕು ಉದುರಿದ್ರೆ ಆಕಾರವೂ ಹೋಯ್ತು.

ಲೋಹ ಇರೋದಕ್ಕೆ ಅದೇ ಸೋಡಾ ನೀರಲ್ಲಿ ಎಲೆಕ್ಟ್ರಾಲಿಸಿಸ್ ಮಾಡಿ, ಅಂದ್ರೆ ಕರೆಂಟ್ ಹಾಯಿಸಿ ತುಕ್ಕು ಬಿಡಿಸಿ. 12 ವೋಲ್ಟ್ ಬ್ಯಾಟರಿ ಚಾರ್ಜರ್, ಹಳೇ ಟ್ರಾನ್ಸ್‌ಫಾರ್ಮರ್ ನಮೂನೆಯದು. ಈಗಿನ ಸ್ಮಾರ್ಟ್ ಚಾರ್ಜರ್ ಬ್ಯಾಟರಿ ಕಾಣದಿದ್ರೆ ಕರೆಂಟ್ ಬಿಡಲ್ಲ. ನೆಗೆಟಿವ್ ಸಾಮಾನಿಗೆ, ಪಾಸಿಟಿವ್ ಕಟ್ಟಡದ ಕಂಬಿ ತುಂಡಿಗೆ. ಅದಲುಬದಲಾದ್ರೆ ಕೊಕ್ಕೆಯೇ ಕರಗುತ್ತೆ. ಕಂಬಿ ಬದಲು ಸ್ಟೇನ್‌ಲೆಸ್ ಸ್ಟೀಲ್ ಚಮಚ ಇಡಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತೆ. 1 ಆಂಪಿಯರ್ ಸಾಕು, ಸಣ್ಣ ಗುಳ್ಳೆ ನಿಧಾನ ಏಳಬೇಕು. ಏಳೋದು ಹೈಡ್ರೋಜನ್, ಅದಕ್ಕೆ ಬಯಲಲ್ಲಿಡಿ, ಹತ್ತಿರ ಬೀಡಿ ಬೇಡ. ಕೈ ಹಾಕೋ ಮುಂಚೆ ಪ್ಲಗ್ ಕೀಳಿ. ದಿನಾ ತೆಗೆದು ಸಡಿಲವಾದದ್ದನ್ನ ಮಾತ್ರ ಹಿತ್ತಾಳೆ ಬ್ರಷ್‌ನಿಂದ ಉಜ್ಜಿ. ಗ್ರೈಂಡರ್ ಮುಟ್ಟಿಸಬೇಡಿ, ಕಮ್ಮಾರನ ಸುತ್ತಿಗೆ ಗುರುತು ಅಳಿಸಿಹೋಗುತ್ತೆ.

ರಾಟೆಯನ್ನ ಇದಕ್ಕೆ ಇಳಿಸಬೇಡಿ, ಅದು ಬೇರೆ ಕಥೆ.

ರಾಯಚೂರು_ಕೃಷ್ಣಾತೀರ
ಮ್ಯಾಲಿನವರು ಹೇಳಿದ್ದು ಬರೋಬರಿ ಅದ. ಆದ್ರ ಅಲ್ಲಿಗೇ ನಿಲ್ಲಸಬ್ಯಾಡ್ರಿ. ನಮ್ಮ ಕಡೆ ಭಾಳ ಬಾವಿ ನೀರು ಸವಳು, ಉಪ್ಪು ಆಳಕ್ಕ ಇಳದಿರ್ತದ. ತುಕ್ಕು ಬಿಟ್ಟ ಮ್ಯಾಲೆ ಲೀಟರಿಗೆ 20 ಗ್ರಾಂ ಕಾಸ್ಟಿಕ್ ಸೋಡಾ ಹಾಕಿದ ನೀರಾಗ ನೆನಸ್ರಿ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕ ನೀರು ಹಾಕಬಾರದು, ಸಿಡಿತದ. ಕೈಗವಸು, ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆ ಆಗಂಗಿಲ್ಲ, ಕರಗಿಹೋಗ್ತದ. ಮೊದಲು ವಾರಕ್ಕೊಮ್ಮೆ, ಆಮ್ಯಾಲೆ ತಿಂಗಳಿಗೊಮ್ಮೆ ನೀರು ಬದಲಿಸ್ರಿ. ತಿಂಗಳುಗಟ್ಟಲೆ ಹಿಡೀತದ, ಅವಸರ ಮಾಡಬ್ಯಾಡ್ರಿ.

ಉಪ್ಪು ಮುಗಿದದ್ದು ತಿಳಿಯೋದಕ್ಕ ಟಿಡಿಎಸ್ ಮೀಟರ್ (ನೀರಾಗ ಕರಗಿದ್ದೆಲ್ಲ ಅಳೆಯೋದು) ಇಲ್ಲಿ ನಡೆಯಂಗಿಲ್ಲ, ಸೋಡಾನೇ ರೀಡಿಂಗ್ ಏರಸ್ತದ. ಗ್ರಾಮ ಪಂಚಾಯಿತಿಯ ನೀರು ಪರೀಕ್ಷೆ ಕಿಟ್‌ನಾಗ ಕ್ಲೋರೈಡ್ ಪರೀಕ್ಷೆ ಇರ್ತದ. ಮಾದರಿಗೆ ಮೊದಲು ಹನಿ ಹನಿ ನೈಟ್ರಿಕ್ ಆಸಿಡ್ ಹಾಕಿ ಕ್ಷಾರ ಮುರೀರಿ, ಇಲ್ಲಂದ್ರ ಫಲಿತಾಂಶ ತಪ್ಪು ಬರ್ತದ. ಎರಡು ಸಲ ನೀರು ಬದಲಿಸಿದ್ರೂ ಕ್ಲೋರೈಡ್ ಬರ್ಲಿಲ್ಲಂದ್ರ ಮುಗೀತು.

ಆಮ್ಯಾಲೆ ಡಿಸ್ಟಿಲ್ಡ್ ನೀರಾಗ ಜಾಲಿಸಿ, ಅರ್ಧ ತಾಸು ಕುದಿಸಿ, ಬಿಸಿ ಇದ್ದಾಗಲೇ ಒರಸ್ರಿ. 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 3 ಗ್ರಾಂ ಟ್ಯಾನಿಕ್ ಆಸಿಡ್ (ಕಾಯಿ, ತೊಗಟಿಯ ಒಗರಿನ ಪುಡಿ) ಕಲಸಿ, ಮೂರು ಕೈ ಬಳೀರಿ, ನಡುವೆ ಪೂರಾ ಒಣಗಲಿ. ನೀಲಿಗಪ್ಪು ಬಣ್ಣ ತಿರುಗ್ತದ. ಅಳಲೆಕಾಯಿ ಕಷಾಯದಾಗೂ ಟ್ಯಾನಿನ್ ಅದ, ಆದ್ರ ಬ್ಯಾರೆ ಅಂಶನೂ ಇರ್ತಾವ, ಶುದ್ಧ ಪುಡಿನೇ ತರ್ರಿ. ಕೊನೀಗೆ ಸಾಮಾನು ಬೆಚ್ಚಗ ಮಾಡಿ ಮೈಕ್ರೋಕ್ರಿಸ್ಟಲಿನ್ ಮೇಣ (ಪೆಟ್ರೋಲಿಯಂನಿಂದ ಬರೋದು) ಸವರ್ರಿ. ಜೇನುಮೇಣ ಬ್ಯಾಡ, ಅದರಾಗ ಹುಳಿ ಅಂಶ ಅದ.

ಕುಷ್ಟಗಿ_ಎರೆಹೊಲ
ಇಬ್ಬರಿಗೂ ಧನ್ಯವಾದ. ರಾಟೆ ನೋಡೋಕೆ ಗಟ್ಟಿಮುಟ್ಟಾಗಿದೆ, ಎಲ್ಲೂ ಮುರಿದಿಲ್ಲ. ಅದಕ್ಯಾಕೆ ಬೇರೆ?

ಸಂಡೂರು_ಕುಲುಮೆ
ಎರಕದ ಕಬ್ಬಿಣ ನೀರಲ್ಲಿ ಕೂತರೆ ಕಬ್ಬಿಣ ಕರಗಿ ಹೋಗಿ ಗ್ರಾಫೈಟ್ ಮಾತ್ರ ಅದೇ ಆಕಾರದಲ್ಲಿ ನಿಂತಿರುತ್ತೆ. ಕಾಣದ ಮೂಲೆಯಲ್ಲಿ ಗುಂಡುಸೂಜಿ ಒತ್ತಿ ನೋಡಿ. ಒಳಗಿಳಿದ್ರೆ, ಬೆರಳಿಗೆ ಪೆನ್ಸಿಲ್ ಕಪ್ಪು ಹತ್ತಿದ್ರೆ, ಮೇಲ್ಮೈ ಹೋದಂತೆಯೇ. ಕರೆಂಟ್ ಕೊಟ್ಟರೆ ಗುಳ್ಳೆಗಳು ಆ ಪದರವನ್ನ ಕಿತ್ತು ಹಾಕ್ತವೆ. ಬಲೆ ಮೇಲೆ ಮಲಗಿಸಿ ಕಾಸ್ಟಿಕ್‌ನಲ್ಲಿ ನೆನೆಸಿ, ತೊಳೆದು, ನಿಧಾನ ಒಣಗಿಸಿ, ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 (ಪಾರದರ್ಶಕ ಅಕ್ರಿಲಿಕ್ ರಾಳ) ಶೇ. 5ರಷ್ಟು ತೆಳುವಾಗಿ ಕುಡಿಸಿ. ಬ್ರಷ್ ಬೇಡ.

ಕೊಪ್ಪಳ_ಕೋಟೆಬಾಗಿಲು
ಹುಡುಕೋ ಬಗ್ಗೆ ಯಾರೂ ಹೇಳಲಿಲ್ಲ. ಹಗ್ಗಕ್ಕೆ ಕಟ್ಟಿದ ಅಯಸ್ಕಾಂತದಿಂದ ಜಾಗ ಗುರುತಿಸಿ ಅಷ್ಟೇ, ಎಳೆಯಬೇಡಿ; ಚಕ್ಕೆ ಅದಕ್ಕಂಟಿ ಬರುತ್ತೆ, ಸಾಮಾನು ಕೆಳಗೇ ಉಳಿಯುತ್ತೆ. ಕೈಯಿಂದ ಕೆಸರು ಬಿಡಿಸಿ ಹಲಗೆ ಮೇಲೆ ಎತ್ತಿ. ಬಾವಿ ಕಟ್ಟೆಯಿಂದ ಎಷ್ಟು ಅಡಿ ಆಳ ಅಂತ ಪ್ರತಿಯೊಂದಕ್ಕೂ ಚೀಟಿ ಬರೆದಿಡಿ, ಫೋಟೋ ತೆಗೀರಿ.

ನಮ್ಮ ಕಡೆ ಬಂಡೆ ಸಿಡಿಸಿ ತೋಡಿದ ಬಾವಿಗಳೇ ಜಾಸ್ತಿ. ವೈರ್ ಇರೋ ಸಣ್ಣ ಲೋಹದ ನಳಿಗೆ ಕಂಡರೆ ಅದು ಸಿಡಿಯದೆ ಉಳಿದ ಕೇಪು (ಸಿಡಿಮದ್ದಿನ ಡಿಟೊನೇಟರ್) ಇರಬಹುದು. ಮುಟ್ಟದೆ ಎಲ್ಲರೂ ಮೇಲೆ ಬಂದು 112ಕ್ಕೆ ಫೋನ್ ಮಾಡಿ. ಗುಂಡು, ಕತ್ತಿ, ಬರಹ ಇರೋ ವಸ್ತು ಬಂದ್ರೆ ಅಲ್ಲಿಗೇ ಕೆಲಸ ನಿಲ್ಲಿಸಿ, ತೊಳೆಯದೆ ತಹಶೀಲ್ದಾರ್‌ಗೂ ಪುರಾತತ್ವ ಇಲಾಖೆಗೂ ತಿಳಿಸಿ. 100 ವರ್ಷ ದಾಟಿದ ವಸ್ತು 1972ರ ಪುರಾವಸ್ತು ಕಾಯ್ದೆಗೆ ಬರುತ್ತೆ, 1962ರ ಕರ್ನಾಟಕ ನಿಧಿ ಕಾಯ್ದೆಯೂ ಇದೆ.

ಶಾಲೆಯಲ್ಲಿ ಇಡೋದಾದ್ರೆ ಗಾಳಿಯಾಡದ ಗಾಜಿನ ಪೆಟ್ಟಿಗೆ, ಒಳಗೆ ಬಣ್ಣ ಬದಲಾಗೋ ಸಿಲಿಕಾ ಜೆಲ್ (ತೇವ ಹೀರೋ ಹರಳು). ಮಳೆಗಾಲದಲ್ಲಿ ಮೇಲೆ ಕಂದು ಹನಿ ಬೆವರಿದ್ರೆ ಉಪ್ಪು ಇನ್ನೂ ಒಳಗಿದೆ ಅಂತ ಅರ್ಥ; ಮೇಣ ತೆಗೆದು ಮತ್ತೆ ಕಾಸ್ಟಿಕ್‌ಗೆ ಇಳಿಸಿ.