ಕಸೂತಿ ಗೋಪುರ ಇರೋ ಕೌಲ್ ನಾನೇ ಡಿಸೈನ್ ಮಾಡ್ಬೇಕು, ಲೆಕ್ಕ ಹೇಗೆ ಹಾಕೋದು?

ಮೈಸೂರ್_ಅಜ್ಜಿ:
ಎಲ್ಲರಿಗೂ ನಮಸ್ಕಾರ. ಸ್ವೆಟರ್, ಟೋಪಿ, ಮಗು ಕಾಲುಚೀಲ ಎಲ್ಲಾ ನಮ್ಮಮ್ಮನ ಹತ್ರ ಕಲ್ತಿದ್ದೀನಿ, ನಿಟ್ (ಸೀದಾ ಹೆಣಿಗೆ) ಪರ್ಲ್ (ಉಲ್ಟಾ ಹೆಣಿಗೆ) ಎರಡೂ ಕೈಗೆ ಚೆನ್ನಾಗಿ ಕೂತಿದೆ. ಮಗಳು ಟೊರೊಂಟೊದಲ್ಲಿದ್ದಾಳೆ, ಮೊಮ್ಮಗನಿಗೆ ನಾಲ್ಕು ವರ್ಷ, ಉದ್ದ ಸ್ಕಾರ್ಫ್ ಬೇಡಮ್ಮ ತಲೆ ಮೇಲಿಂದ ಕತ್ತಿಗೆ ಹಾಕ್ಕೊಳೋ, ತುದಿ ಇಲ್ಲದೆ ಬಳೆ ತರ ಇರೋ ಕೌಲ್ ಮಾಡ್ಕೊಡು, ಇಬ್ಬರಿಗೂ ಒಂದೊಂದು ಅಂತ ಕೇಳಿದ್ದಾಳೆ. ಬೇರೆಯವರ ಪ್ಯಾಟರ್ನ್ ನೋಡಿ ಮಾಡೋಕೆ ಮನಸ್ಸಿಲ್ಲ, ನಮ್ಮಮ್ಮನ ಇಳಕಲ್ ಸೀರೆ ಮೇಲೆ ಕಸೂತಿ ಗೋಪುರ ಇದೆಯಲ್ಲ ಅದನ್ನೇ ಸುತ್ತ ತರ್ಬೇಕು ಅಂತ ಆಸೆ. ಎಷ್ಟು ಸ್ಟಿಚ್ ಹಾಕ್ಬೇಕು, ಯಾವ ಉಲ್ಲನ್ ತಗೋಬೇಕು, ಎರಡು ಬಣ್ಣದಲ್ಲಿ ಹೆಣೆದ್ರೆ ಒಳಗಡೆ ದಾರ ಕಾಣ್ಸುತ್ತಲ್ಲ ಅದಕ್ಕೇನು ಮಾಡೋದು, ಗೊತ್ತಿರೋರು ಹೇಳ್ತೀರಾ?

ಒಟ್ಟಾವಾ_ಕನ್ನಡತಿ:
ಆಂಟಿ, ಮೊದಲು ಉಲ್ಲನ್ ವಿಷಯ, ಯಾಕಂದ್ರೆ ಇಲ್ಲಿ ಎಲ್ಲಾ ಅದರ ಮೇಲೇ ನಿಂತಿದೆ. ಅಕ್ರಿಲಿಕ್ ಬೇಡ. ಕೌಲನ್ನ ಮೂಗಿನ ತನಕ ಎಳ್ಕೊಂಡು ಓಡಾಡ್ತೀವಿ, ಉಸಿರಿನ ತೇವ ಎಲ್ಲಾ ಅದರಲ್ಲೇ ಕೂರುತ್ತೆ, ಅಕ್ರಿಲಿಕ್ ತೇವ ಹೀರಲ್ಲ, ನೂಲಿನ ಮೇಲೇ ನಿಂತು ಮೈನಸ್‌ನಲ್ಲಿ ಬಾಯಿ ಹತ್ರ ಗಟ್ಟಿಯಾಗುತ್ತೆ. ನಿಜವಾದ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರ್ಕೊಂಡ್ರೂ ಮುಟ್ಟಿದ್ರೆ ಒದ್ದೆ ಅನ್ಸಲ್ಲ. ಕತ್ತಿಗೆ ಮೆರಿನೋನೇ (ಸಣ್ಣ ಎಳೆಯ ಮೆತ್ತಗಿನ ಕುರಿ ಉಣ್ಣೆ) ತಗೊಳ್ಳಿ, ನಮ್ಮ ಕಡೆ ಕಂಬಳಿ ಉಣ್ಣೆ ಬೆಚ್ಚಗೇನೋ ಇರುತ್ತೆ ಆದ್ರೆ ಎಳೆ ದಪ್ಪ, ಮಗು ಕತ್ತು ಕೆಂಪಾಗುತ್ತೆ. ಮಗಳು ಸ್ಕಾರ್ಫ್ ಬೇಡ ಅಂದಿದ್ದು ಸರಿ, ಜಾರುಬಂಡೆಲಿ ಉದ್ದ ತುದಿ ಸಿಕ್ಕಾಕ್ಕೊಂಡ್ರೆ ಕತ್ತಿಗೆ ಬಿಗಿಯುತ್ತೆ ಅಂತ ಇಲ್ಲಿ ಎಷ್ಟೋ ಡೇಕೇರ್‌ಗಳಲ್ಲಿ ಚಿಕ್ಕ ಮಕ್ಕಳಿಗೆ ಸ್ಕಾರ್ಫ್ ಹಾಕಿ ಕಳಿಸ್ಬೇಡಿ ಅಂತಾನೇ ಹೇಳ್ತಾರೆ.

ಲೆಕ್ಕದ_ಕಡ್ಡಿ:
ಅಮ್ಮ ಲೆಕ್ಕ ನಾನು ಹೇಳ್ತೀನಿ. ತಗೊಂಡ ಉಲ್ಲನ್‌ನಲ್ಲೇ, ಮಾಡೋ ಡಿಸೈನ್‌ನಲ್ಲೇ, ಒಂದು ಗೇಣಿನಷ್ಟು ತುಂಡು ಹೆಣೆದು ತೊಳೆದು ಒಣಗಿಸಿ ಆಮೇಲೆ ಅಳೀರಿ, ತೊಳೆಯೋ ಮುಂಚೆ ಅಳೆದ್ರೆ ಪ್ರಯೋಜನ ಇಲ್ಲ, ಮಷಿನ್‌ಗೆ ಹಾಕಬಹುದಾದ ಮೆರಿನೋ ತೊಳೆದ ಮೇಲೆ ಸಡಿಲಾಗಿ ಅಗಲ ಆಗೋದು ಜಾಸ್ತಿ. ಈಗ 10 ಸೆಂಟಿಮೀಟರ್‌ಗೆ 20 ಸ್ಟಿಚ್ ಬಂತು ಅಂದ್ಕೊಳ್ಳಿ, ಅಂದ್ರೆ ಸೆಂಟಿಮೀಟರ್‌ಗೆ ಎರಡು. ದೊಡ್ಡವರಿಗೆ ಜಾಕೆಟ್ ಒಳಗೆ ಕೂರೋ ಕೌಲ್ ಸುತ್ತಳತೆ 58 ಸೆಂಟಿಮೀಟರ್ ಇದ್ರೆ 116 ಸ್ಟಿಚ್, ಮಗುಗೆ 46 ಸೆಂಟಿಮೀಟರ್ ಅಂದ್ರೆ 92. ಎರಡೂ ನಾಲ್ಕರಿಂದ ಭಾಗ ಆಗುತ್ತೆ, ಹಾಗಾಗಿ ಮೇಲೆ ಕೆಳಗೆ ಎರಡು ನಿಟ್ ಎರಡು ಪರ್ಲ್ ರಿಬ್ (ಹಿಗ್ಗೋ ಗೆರೆ ಗೆರೆ ಪಟ್ಟಿ) ಸರಿಯಾಗಿ ಕೂರುತ್ತೆ. ರಿಬ್ ಹಾಕ್ಲೇಬೇಕು, ಬರೀ ನಿಟ್ ಮಾಡಿದ್ರೆ ಅಂಚು ಸುರುಳಿ ಸುತ್ಕೊಳುತ್ತೆ, ಎಷ್ಟು ಇಸ್ತ್ರಿ ಮಾಡಿದ್ರೂ ನಿಲ್ಲಲ್ಲ.

ಕತ್ತು ಸಣ್ಣ ಭುಜ ಅಗಲ ಅಲ್ವಾ, ಕೆಳಗಿನ ರಿಬ್‌ನಲ್ಲಿ ಪ್ರತಿ ಪರ್ಲ್ ಜೋಡಿಗೆ ಒಂದು ಪರ್ಲ್ ಸೇರಿಸಿ, 116 ಹೋಗಿ 145 ಆಗುತ್ತೆ, ಅಂದ್ರೆ ಸುಮಾರು 72 ಸೆಂಟಿಮೀಟರ್, ಭುಜದ ಮೇಲೆ ಹರಡ್ಕೊಂಡು ಕೂರುತ್ತೆ, ಗಾಳಿ ನುಗ್ಗಲ್ಲ, ಸೇರಿಸಿದ್ದು ಪರ್ಲ್ ಸಂದಿಲಿ ಅಡಗೋದ್ರಿಂದ ಎದ್ದು ಕಾಣೋದೂ ಇಲ್ಲ. ಎಷ್ಟು ಉಲ್ಲನ್ ಬೇಕು ಅಂತ ಅಂದಾಜು ಹಾಕೋಕೆ ಆ ತುಂಡನ್ನೇ ಅಡುಗೆಮನೆ ಡಿಜಿಟಲ್ ತಕ್ಕಡಿಲಿ ತೂಗಿ. 15 × 15 ಸೆಂಟಿಮೀಟರ್ ತುಂಡು 12 ಗ್ರಾಂ ಬಂದ್ರೆ, 58 ಸುತ್ತಳತೆ 25 ಎತ್ತರದ ಕೌಲ್‌ಗೆ ಸುಮಾರು 77 ಗ್ರಾಂ, ಐದನೇ ಒಂದು ಭಾಗ ಜಾಸ್ತಿ ಇಟ್ಕೊಳ್ಳಿ.

ಧಾರವಾಡ_ಪೇಡೆ:
ನಮಸ್ಕಾರ್ರಿ ಅಮ್ಮಾರ. ಕಸೂತಿ ಹೆಣಿಕಿಗೆ ತರೋದು ಅಂದ್ರ ಭಾಳ ಖುಷಿ ಆತು, ನಾನೂ ಕಸೂತಿ ಹಾಕತೇನ್ರಿ, ಅದಕ್ಕ ಇದರ ಬಗ್ಗೆ ಜರಾ ಉದ್ದ ಬರೀತೇನಿ. ಗವಂತಿ, ಮುರ್ಗಿ ಎರಡೂ ಗೆರಿ ಹೊಲಿಗಿ, ಬರೇ ಸಪೂರ ಗೆರಿ ಮ್ಯಾಲ ಗೋಪುರ ನಿಲ್ಲತದ. ಹೆಣಿಕ್ಯಾಗ ಗೆರಿ ಬರಂಗಿಲ್ರಿ, ಒಂದು ಸ್ಟಿಚ್ ಅಂದ್ರ ಒಂದು ತುಂಬಿದ ಮನಿ. ಹಂಗಾಗಿ ಮುರ್ಗಿ ಗೋಪುರ ಇದ್ದಂಗೇ ಇಳಿಸಿದ್ರ ದಪ್ಪ ದಪ್ಪ ಆಗಿ ಒಳಗಿನ ನಾಜೂಕು ಎಲ್ಲಾ ಮುಚ್ಚಿ ಹೋಗತದ. ನೇಗಿ ಇಲ್ಲಾ ಮೆಂತಿ ಒಳಗ ಹಾಕಿದ ಗೋಪುರ ಹುಡುಕ್ರಿ, ಅವು ತುಂಬಿದ ಹೊಲಿಗಿ, ಹೆಣಿಕಿಗೆ ಸರಳ ಇಳೀತಾವ.

ಇನ್ನೊಂದು ಮಾತ್ರಿ, ಸ್ಟಿಚ್ ಚೌಕ ಇರಂಗಿಲ್ಲ, ಅಡ್ಡ ಅಗಲ, ಉದ್ದ ಗಿಡ್ಡ. 10 ಸೆಂಟಿಮೀಟರಿಗೆ 20 ಸ್ಟಿಚ್ 28 ಸಾಲು ಇದ್ರ, ಗ್ರಾಫ್ ಹಾಳಿ ಮ್ಯಾಲ 19 ಮನಿ ಅಗಲ 19 ಮನಿ ಎತ್ತರ ತಗದ ಗೋಪುರ ಒಂಬತ್ತೂವರಿ ಸೆಂಟಿಮೀಟರ್ ಅಗಲ, ಏಳರೊಳಗ ಎತ್ತರ ಆಗಿ ಕುಳ್ಳಾಗತದ. ಸೀರಿ ಮ್ಯಾಲಿನಂಗ ಎದ್ದು ನಿಲ್ಲಬೇಕಂದ್ರ 27 ಸಾಲು ಬೇಕ್ರಿ, ಆ ಸಾಲು ಮೆಟ್ಟಲದಾಗ ಸೇರಸ್ರಿ, ಕಳಸ ಮುಟ್ಟಬ್ಯಾಡ್ರಿ, ಕಳಸ ಹಿಗ್ಗಿದ್ರ ಗೋಪುರದ ಲಕ್ಷಣಾನೇ ಹೋಗತದ. 116 ಅಂದ್ರ 29ರ ನಾಕು ಪಟ್ಟು, ಅಂದ್ರ 19ರ ಗೋಪುರ 10 ಸ್ಟಿಚ್ ಸಂದಿ, ಸುತ್ತ ನಾಕು ಗೋಪುರ ಸರಿಯಾಗಿ ಕೂಡತಾವ. ಮಗುವಿನ 92ಕ್ಕ 15ರ ಸಣ್ಣ ಗೋಪುರ, 8ರ ಸಂದಿ. ಸಂದಿ ಖಾಲಿ ಬಿಡಬ್ಯಾಡ್ರಿ, ನಡುವ ಒಂದು ಸಣ್ಣ ಚುಕ್ಕಿ ಹೂವು ಇಡ್ರಿ, ಇಲ್ಲಂದ್ರ ಹಿಂದಿನ ದಾರ ಉದ್ದ ಜೋತು ಬೀಳತದ. ಬಣ್ಣಕ್ಕ ನೆಲಾ ಕಪ್ಪು, ಗೋಪುರ ಕೆಂಪು ಇಲ್ಲಾ ಹಳದಿ. ಶೇಡೆಡ್ ಉಲ್ಲನ್ ಬ್ಯಾಡ್ರಿ, ಚಿತ್ರ ಕಳದ ಹೋಗತದ.

ಒಟ್ಟಾವಾ_ಕನ್ನಡತಿ:
ಕಪ್ಪು ಬೇಡ ಅಂತೀನಿ ನಾನು, ಇಲ್ಲಿ ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಕತ್ತಲೆ, ಮಗು ರೋಡಲ್ಲಿ ಕಾಣ್ಬೇಕಲ್ವಾ. ಮಗಳದ್ದು ಕಪ್ಪು ಇರ್ಲಿ, ಮೊಮ್ಮಗಂದು ಹಳದಿ ನೆಲದ ಮೇಲೆ ಕೆಂಪು ಗೋಪುರ ಮಾಡಿ.

ಮೈಸೂರ್_ಅಜ್ಜಿ:
ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳ್ಲಿ. ಸೀರೆ ತೆಗೆದು ನೋಡ್ದೆ, ದೊಡ್ಡ ಗೋಪುರ ಮುರ್ಗಿದು, ಸೆರಗಿನ ಅಂಚಲ್ಲಿ ನೇಗಿ ಚಿಕ್ಕದೊಂದಿದೆ, ಅದನ್ನೇ ಗ್ರಾಫ್‌ಗೆ ಇಳಿಸ್ತೀನಿ. ಒಳಗಿನ ದಾರದ್ದು ಇನ್ನೂ ಯಾರೂ ಹೇಳ್ಲಿಲ್ಲ, ಮಗಳು ಓಲೆ ಹಾಕ್ತಾಳೆ, ಸಿಕ್ಕಾಕ್ಕೊಳಲ್ವಾ? ಮತ್ತೆ ಸರ್ಕ್ಯುಲರ್ ಕಡ್ಡಿ (ಎರಡು ಕಡ್ಡಿ ನಡುವೆ ಬಾಗೋ ವೈರ್ ಇರೋದು) ಎಷ್ಟು ಉದ್ದದ್ದು ತಗೊಳ್ಲಿ?

ಲೆಕ್ಕದ_ಕಡ್ಡಿ:
ಸಿಕ್ಕಾಕ್ಕೊಳುತ್ತಮ್ಮ, ಅದಕ್ಕೇ ಲೈನಿಂಗ್ ಹೆಣೀರಿ. ಮೇಲಿನ ರಿಬ್ ಮುಗಿದ ಮೇಲೆ ಕ್ಲೋಸ್ ಮಾಡದೆ ಒಂದು ಸುತ್ತು ಪೂರ್ತಿ ಪರ್ಲ್ ಹಾಕಿ, ಅಲ್ಲಿ ತಾನಾಗೇ ಮಡಚ್ಕೊಳುತ್ತೆ, ಆಮೇಲೆ ಅಷ್ಟೇ ಸ್ಟಿಚ್‌ನಲ್ಲಿ ಒಂದೇ ಬಣ್ಣದಲ್ಲಿ ಗೋಪುರದ ಕೆಳಗಿನ ತನಕ ಬರೀ ನಿಟ್ ಮಾಡ್ಕೊಂಡು ಹೋಗಿ, ಒಳಗೆ ಮಡಚಿ ಸಡಿಲವಾಗಿ ಹೊಲಿದುಬಿಡಿ. ಎರಡು ಪದರದ ನಡುವೆ ಗಾಳಿ ನಿಲ್ಲುತ್ತಲ್ಲ, ಟೊರೊಂಟೊಗೆ ಅದೇ ಬೇಕಾಗಿರೋದು. ಉಲ್ಲನ್ ಹೆಚ್ಚೂಕಮ್ಮಿ ಡಬಲ್ ಇಟ್ಕೊಳ್ಳಿ. ಎರಡು ಬಣ್ಣದ ಭಾಗ ಬಿಗಿಯಾಗಿ ಬರುತ್ತೆ, ಹಾಗಾಗಿ ಅಲ್ಲಿಗೆ ಮಾತ್ರ ಅರ್ಧ ಮಿಲಿಮೀಟರ್ ಜಾಸ್ತಿ ದಪ್ಪದ ಕಡ್ಡಿ, ಆ ತುಂಡನ್ನೂ ಸುತ್ತಲಾಗಿ ಹೆಣೆದೇ ಅಳೀರಿ.

ಕಡ್ಡಿ 40 ಸೆಂಟಿಮೀಟರಿಂದು. 60ರದ್ದು ತಗೊಂಡ್ರೆ 58ರ ಕೌಲ್ ಸುತ್ತ ತಲುಪದೆ ಎಳೆಯುತ್ತೆ, ಕೆಳಗಿನ ಅಗಲದ ರಿಬ್‌ಗೆ ಬೇಕಾದ್ರೆ ಅದು ಆಗುತ್ತೆ. ಮೊದಲ ಸುತ್ತು ಸೇರಿಸೋ ಮುಂಚೆ ಕಡ್ಡಿನ ಮೇಜಿನ ಮೇಲಿಟ್ಟು ಸ್ಟಿಚ್ ಎಲ್ಲೂ ತಿರುಚ್ಕೊಂಡಿಲ್ಲ ಅಂತ ನೋಡ್ಕೊಳ್ಳಿ, ತಿರುಚಿದ್ರೆ ಬಿಚ್ಚೋದೇ ದಾರಿ. ಗ್ರಾಫ್ ಆದ್ಮೇಲೆ ಫೋಟೋ ಹಾಕಿ ಅಮ್ಮ, ಹಿಂದಿನ ದಾರ ಎಲ್ಲೆಲ್ಲಿ ಉದ್ದ ಆಗುತ್ತೆ ಅಂತ ಗುರುತು ಮಾಡಿ ಕಳಿಸ್ತೀನಿ.