ಮನೆಯಲ್ಲೇ ಇಬ್ಬರು ಕೂರುವ ಕಯಾಕ್: ದೋಣಿ ಬಡಗಿಯನ್ನು ಕೇಳಿ

ಮರದ ಹಂದರ ಕಟ್ಟಿ ಬಟ್ಟೆ ಹೊದಿಸುವ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಉದ್ದ ದೋಣಿ) ಬಗ್ಗೆ ಇಂದು ಚಿಕ್ಕಮಗಳೂರಿನ ಬಡಗಿಯೊಬ್ಬರು ಉತ್ತರಿಸುತ್ತಾರೆ.

ಬೇಲೂರಿನಿಂದ: ನಮಸ್ಕಾರ ಸಾರ್. ಹಂದರದ ಮೇಲೆ ಟಾರ್ಪಾಲ್ ಹೊದಿಸಬಹುದಾ?

ಬಡಗಿ: ನಮಸ್ಕಾರ. ಬೇಡ. ಹೊಲಿಗೆ ಬಿದ್ದ ಕಡೆಯಿಂದಲೇ ಹರಿಯುತ್ತದೆ. ದಪ್ಪ ನೈಲಾನ್ ಅಥವಾ ಪಾಲಿಯೆಸ್ಟರ್ ಕ್ಯಾನ್ವಾಸ್ ಬಿಗಿಯಾಗಿ ಹೊಲಿದು, ನೀರು ಒಳಗೆ ಬಿಡದ ಪಾಲಿಯುರೆಥೇನ್ ಲೇಪ ಬಳಿಯಿರಿ.

ಸಕಲೇಶಪುರದಿಂದ: ಸಾರ್, 5 ಮೀಟರ್ ಉದ್ದದ್ದು ಕಟ್ಟುತ್ತಿದ್ದೇನೆ. ಪಕ್ಕೆಲುಬಿಗೆ, ಅಂದ್ರೆ ಹಂದರದ ಬಾಗಿದ ಪಟ್ಟಿಗಳಿಗೆ, ತೋಟದ ಸಿಲ್ವರ್ ಓಕ್, ಎರಡು ವರ್ಷ ಅಟ್ಟದ ಮೇಲೆ ಒಣಗಿದ್ದು. 14ರಲ್ಲಿ 9 ಬಾಗಿಸುವಾಗ ಮುರಿದವು. ಕುಕ್ಕರ್‌ನಿಂದ ಪಿವಿಸಿ ಪೈಪಿಗೆ ಹಬೆ ಬಿಡುತ್ತೇನೆ. ಹಬೆ ಪೋಲಾಗದಿರಲಿ ಅಂತ ಎರಡೂ ತುದಿಗೆ ಮುಚ್ಚಳ ಬಿಗಿದಿದ್ದೇನೆ. ಪಟ್ಟಿ ತೆಗೆದುಕೊಡೋಕೆ ಮಗ ಇದ್ದಾನೆ, 12 ವರ್ಷ.

ಬಡಗಿ: ಮೊದಲು ಒಲೆ ಆರಿಸಿ. ಮಗನನ್ನು ದೂರ ಕಳಿಸಿ. ಆಮೇಲೆ ಓದಿ.

ಹಬೆಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಅದು ಬಾಂಬೇ. ಪಿವಿಸಿ ಕುದಿಯುವ ನೀರಿನ ಶಾಖಕ್ಕೆ ಮೊದಲೇ ಮೆತ್ತಗಾಗುತ್ತದೆ. ಮುಚ್ಚಳ ಕಿತ್ತುಕೊಂಡು ಬಂದರೆ ಮುಖಕ್ಕೇ ಬರುತ್ತದೆ. ಕಡುಬು ಬೇಯಿಸುವಾಗ ಮುಚ್ಚಳದ ಸಂದಿಯಿಂದ ಹಬೆ ಆಡುತ್ತದಲ್ವಾ, ಹಾಗೆ ಇರಬೇಕು. ಹಲಗೆಯ ಉದ್ದ ಪೆಟ್ಟಿಗೆ ಮಾಡಿ. ಸ್ವಲ್ಪ ಓರೆಯಾಗಿಟ್ಟು, ತಗ್ಗಿನ ತುದಿಯಲ್ಲಿ ನೀರು ಇಳಿಯಲು ತೂತು ಬಿಡಿ. ಬಾಯಿಗೆ ಹಳೆ ಬಟ್ಟೆ ಸಡಿಲವಾಗಿ ತುರುಕಿದರೆ ಸಾಕು. ಕುಕ್ಕರ್ ಬೇಡ, ಮುಚ್ಚಳ ಸಡಿಲ ಇರುವ ಡಬ್ಬ ಸಾಕು.

ಇನ್ನು ಮುರಿಯೋದು. ಹಬೆಗೆ ಮೆತ್ತಗಾದ ಮರ ಒಳಬದಿಗೆ ಚೆನ್ನಾಗಿ ಕುಗ್ಗುತ್ತದೆ, ಹೊರಬದಿಗೆ ಹಿಗ್ಗುವುದು ತೀರಾ ಕಡಿಮೆ. ಅದಕ್ಕೇ ಹೊರಬದಿಯಲ್ಲಿ ಸಿಗಿದು ಮುರಿಯುತ್ತದೆ. ಅಟ್ಟದ ಮರ ಬಿಡಿ, ಹಸಿ ಮರ ತನ್ನಿ. ಗರಗಸ ನಾರನ್ನು ಅಡ್ಡ ಕತ್ತರಿಸಿಬಿಡುತ್ತದೆ. ಕೊಡಲಿಯಿಂದ ನಾರಿನ ಜಾಡಿನಲ್ಲೇ ಸೀಳಿ, 8 ಮಿಲಿಮೀಟರ್ ದಪ್ಪಕ್ಕೆ ಹೆರೆಯಿರಿ. ಒಂದಿಂಚು ದಪ್ಪಕ್ಕೆ ಒಂದು ಗಂಟೆ ಹಬೆ ಅನ್ನೋ ಲೆಕ್ಕದಲ್ಲಿ ಇದಕ್ಕೆ 20 ನಿಮಿಷ. ಹೊರತೆಗೆದ ಮೇಲೆ ಕೆಲವೇ ಸೆಕೆಂಡು ಸಿಗುತ್ತವೆ. ದಪ್ಪ ಕೈಗವಸು ಹಾಕಿ, ತಡಮಾಡದೆ ಒಂದೇ ಒತ್ತಡದಲ್ಲಿ ಬಾಗಿಸಿ.

ಕಡೂರಿನಿಂದ: ಹುಟ್ಟು ಎಷ್ಟು ಉದ್ದ ಇರಬೇಕು ಸಾರ್?

ಹಾಸನದಿಂದ: ಫಾರ್ವರ್ಡ್ ಬಂದಿದೆ. ಹಳೆ ಎಂಜಿನ್ ಆಯಿಲ್ ಬಳಿದರೆ ಹಂದರ ನೂರು ವರ್ಷ ಬಾಳುತ್ತಂತೆ.

ಬಡಗಿ: ಇದನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ. ಅದು ಬಟ್ಟೆಗೆ ಹತ್ತಿದರೆ ಪಾಲಿಯುರೆಥೇನ್ ಹಿಡಿಯುವುದಿಲ್ಲ. ಹಂದರಕ್ಕೆ ಅಗಸೆ ಎಣ್ಣೆ ಬಳಿಯಿರಿ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಬಿಡಿಸಿ ಬಯಲಲ್ಲಿ ಒಣಹಾಕಿ.

ಮೂಡಿಗೆರೆಯಿಂದ: ಇಷ್ಟೆಲ್ಲ ಯಾಕೆ? ಅಮಾವಾಸ್ಯೆಗೆ ಕಡಿದ ಬಿದಿರಿಗೆ ಹುಳ ಬೀಳಲ್ಲ. ನಮ್ಮ ಹರಿಗೋಲು ಇರುವಾಗ ಬೇರೆ ದೇಶದ್ದೇಕೆ?

ಆಲೂರಿನಿಂದ: ಹರಿಗೋಲು ಬುಟ್ಟಿಯ ಹಾಗೆ ತಿರುಗುತ್ತದೆ ಮಾರಾಯರೇ. ಗಾಳಿಗೆ ಎದುರು ನೇರ ಹೋಗೋಕೆ ಕಯಾಕೇ ಬೇಕು.

ಮೂಡಿಗೆರೆಯಿಂದ: ನೀವು ಹರಿಗೋಲು ನಡೆಸಿದ್ದೀರಾ? ಸುಮ್ನೆ ಮಾತಾಡಬೇಡಿ.

ಆಲೂರಿನಿಂದ: ನಡೆಸಿದ್ದೇನೆ. ನಿಮ್ಮ ಅಮಾವಾಸ್ಯೆ ಬಿದಿರಿಗೆ ನಮ್ಮನೇಲಿ ಹುಳ ಬಿದ್ದಿದೆ, ಬಂದು ನೋಡಿ.

ಬಡಗಿ: ಎರಡೂ ಒಂದೇ ಮನೆತನದವು, ಹಂದರಕ್ಕೆ ಚರ್ಮ ಹೊದಿಸಿದವು. ಗ್ರೀನ್‌ಲ್ಯಾಂಡಿನವರು ಸೀಲ್ ಚರ್ಮ ಹಾಕಿದರು, ನಮ್ಮವರು ದನದ ಚರ್ಮ. ಜಗಳ ಬಿಡಿ.

ಅರಸೀಕೆರೆಯಿಂದ: ಟಾರ್ಪಾಲ್ ನಡೆಯುತ್ತಾ ಸಾರ್?

ಬಡಗಿ: ಇಲ್ಲ. ಮೇಲೆ ಓದಿ.

ಹಾಸನದಿಂದ: ಮರ ತೇಲುತ್ತದಲ್ವಾ, ಗೊರೂರು ಹಿನ್ನೀರಲ್ಲಿ ಗಾಳಿ ಚೀಲ ಯಾಕೆ?

ಬಡಗಿ: 300 ಲೀಟರ್ ನೀರು ಒಳಗೆ ಬಂದರೆ 300 ಕೆಜಿ. ಇಬ್ಬರಿಂದ ಅದನ್ನು ಎತ್ತಿ ಸುರಿಯೋಕಾಗುತ್ತಾ? ಎರಡೂ ತುದಿಗೆ ಗಾಳಿ ಚೀಲ, ಇಬ್ಬರಿಗೂ ಲೈಫ್ ಜಾಕೆಟ್. ಮೊದಲು ಅನುಮತಿ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಆ ಹಿನ್ನೀರಿನ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಗೋಡೆಗಳು ನೀರೊಳಗಿರುತ್ತವೆ, ಬಟ್ಟೆ ಸೀಳಲು ಒಂದು ಮೂಲೆ ಸಾಕು.

ಕಡೂರಿನಿಂದ: ಹುಟ್ಟಿನ ಉದ್ದ? ಎರಡನೇ ಸಲ ಕೇಳ್ತಿದ್ದೇನೆ.

ಮೂಡಿಗೆರೆಯಿಂದ: ನನ್ನ ಬಿದಿರಿನ ಪ್ರಶ್ನೆಗೂ ಉತ್ತರ ಬಂದಿಲ್ಲ. ಇವರಿಗೆ ಬೇಕಾದವರಿಗೆ ಮಾತ್ರ.

ಬಡಗಿ: ಸಕಲೇಶಪುರದವರೇ, ಒಲೆ ಆರಿಸಿದ್ರಾ?

ಬಡಗಿ: ಓದಿದ್ದರೆ ಒಂದು ಮಾತು ಬರೆಯಿರಿ.

ಸಕಲೇಶಪುರದಿಂದ: ಆರಿಸಿದೆ ಸಾರ್. ಪೈಪ್ ಮುಟ್ಟಿ ನೋಡಿದೆ, ನಡುವೆ ಆಗಲೇ ಜೋತುಬಿದ್ದಿತ್ತು.